ಹಸಿ ಶೇಂಗಾ ಬೆಣ್ಣೆ ಕೇಳಿದವರಿಗೆ ಒಂದು ಹಳೇ ಕತೆ



ಹೋದ ವಾರ ಬೆಂಗಳೂರಿಂದ ಒಂದು ಫೋನ್ ಬಂತು. ಎರಡು ವರ್ಷದಿಂದ ನಮ್ಮ ಹತ್ರ ಗಾಣದೆಣ್ಣೆ ತಗೊಳ್ಳೋ ಮೇಡಂ ಒಬ್ಬರದು. "ನೀವು ಹೊಲಕ್ಕೆ ಕೆಮಿಕಲ್ ಹಾಕಲ್ಲ ಅಂತ ಗೊತ್ತು. ನಮ್ಮ ಅಪಾರ್ಟ್‌ಮೆಂಟಲ್ಲಿ ಇಪ್ಪತ್ತು ಮನೆಗೆ ಪೀನಟ್ ಬಟರ್ ಬೇಕು. ಆದ್ರೆ ರಾ ಆಗಿರ್ಬೇಕು, ಹುರೀಬಾರ್ದು. ಹುರಿದ್ರೆ ಸತ್ವ ಎಲ್ಲಾ ಹೋಗುತ್ತೆ" ಅಂದ್ರು. ಅವರು ಹೇಳಿದ ರೇಟು ಮಂಡಿಯಲ್ಲಿ ಕಾಯಿ ಮಾರಿದ್ರೆ ಸಿಗೋದಕ್ಕಿಂತ ಎಷ್ಟೋ ಮೇಲು. ಹೂಂ ಅಂದುಬಿಡೋಣ ಅನ್ನಿಸ್ತು.

ಪಕ್ಕದಲ್ಲೇ ಕೂತು ಕಾಯಿ ಸುಲೀತಿದ್ದ ಅವ್ವ ತಲೆ ಎತ್ತಿ, "ಹಸೀ ಬೀಜ ರುಬ್ಬಿ ತಿಂತಾರಾ? ಪಿತ್ತ ಆಗ್ತದಲ್ಲೋ. ಹುರುದು ಕುಟ್ಟಿ ಕೊಡು" ಅಂದ್ರು.

ನನ್ನ ತಲೆಯಲ್ಲಿ ಓಡ್ತಿದ್ದದ್ದು ಬೇರೆ. ಈ ಸಲ ಶೇಂಗಾ ಕಿತ್ತು ಬಳ್ಳಿ ಇನ್ನೂ ಹೊಲದಲ್ಲೇ ಇರುವಾಗ ಮೂರು ದಿನ ಬಿಡದೆ ಜಡಿಮಳೆ ಹಿಡೀತು. ಹಾಗಾಗಿ ಮನೆಯಲ್ಲೀಗ ಎರಡು ರಾಶಿ ಇವೆ. ಒಂದು ಮಳೆಗೆ ಮುಂಚೆ ಒಣಗಿ ಒಳಗೆ ಬಂದದ್ದು. ಇನ್ನೊಂದು ಮಳೆಗೆ ಸಿಕ್ಕಿ ಆಮೇಲೆ ಒಣಗಿದ್ದು. ಹೊರಗಿಂದ ನೋಡಿದ್ರೆ ಎರಡಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಮೇಡಂ ಕೇಳಿದಷ್ಟು ಮಾಡಬೇಕಂದ್ರೆ ಎರಡೂ ರಾಶಿ ಬೇಕು.

ಹುರಿಯೋದಾ ಬಿಡೋದಾ ಅನ್ನೋ ಪ್ರಶ್ನೆಗೆ ಉತ್ತರ ಹುಡುಕ್ತಾ ಈ ಬೆಣ್ಣೆಯ ಚರಿತ್ರೆ ಓದ್ತಾ ಕೂತೆ. ಸ್ವಲ್ಪ ಉದ್ದ ಇದೆ, ಬಿಡುವಿದ್ದಾಗ ಓದಿ.

ಮೊದಲು ಒಂದು ಮಾತು. ನಮ್ಮ ಕಡೆ ಹಸಿ ಶೇಂಗಾ ಅಂದ್ರೆ ಆಗ ತಾನೇ ಕಿತ್ತ, ನೀರು ತುಂಬಿದ ಕಾಯಿ. ಪೇಟೆಯವರು "ರಾ" ಅನ್ನೋದು ಒಣಗಿಸಿದ ಆದರೆ ಹುರಿಯದ ಬೀಜಕ್ಕೆ. ಮುಂದೆ ನಾನು ಹಸಿ ಅಂದಾಗೆಲ್ಲ ಈ ಎರಡನೇ ಅರ್ಥ ಇಟ್ಕೊಳ್ಳಿ.

ನೆಲದ ಕೋಕೋ, ನೆಲದ ಕಡಲೆ

ಶೇಂಗಾದ ತವರು ದಕ್ಷಿಣ ಅಮೆರಿಕ, ಇವತ್ತಿನ ಬೊಲಿವಿಯಾದ ದಕ್ಷಿಣ ಭಾಗ ಮತ್ತು ಅರ್ಜೆಂಟೀನಾದ ವಾಯವ್ಯ ಭಾಗ. ಅಲ್ಲಿ ಎರಡು ಕಾಡು ಜಾತಿಗಳು ಕೂಡಿ ನಾವು ಬೆಳೆಯೋ ಶೇಂಗಾ ಹುಟ್ಟಿತು. ಪೆರು ದೇಶದ ಜನ ಇದಕ್ಕೆ ಎಷ್ಟು ಬೆಲೆ ಕೊಡ್ತಿದ್ರು ಅಂದ್ರೆ, 1987ರಲ್ಲಿ ಸಿಪಾನ್ ಅನ್ನೋ ಊರಲ್ಲಿ ಹಳೇ ಮೋಚೆ ದೊರೆಯ ಸಮಾಧಿ ಸಿಕ್ಕಾಗ ಅದರೊಳಗೆ ಬಂಗಾರ ಮತ್ತು ಬೆಳ್ಳಿಯಲ್ಲಿ ಮಾಡಿದ ಶೇಂಗಾ ಕಾಯಿಗಳ ಹಾರ ಇತ್ತು. ನಾವು ಮೂಟೆಗೆ ತುಂಬಿ ಮಂಡಿಗೆ ಎಸೆಯೋ ಕಾಯನ್ನು ಅವರು ದೊರೆಯ ಕೊರಳಿಗೆ ಹಾಕಿದ್ರು.

ಮೆಕ್ಸಿಕೋದ ನಾವಾತ್ಲ್ ಭಾಷೆಯಲ್ಲಿ ಇದರ ಹೆಸರಿನ ಅರ್ಥ "ನೆಲದ ಕೋಕೋ". ಕನ್ನಡದಲ್ಲಿ ನೆಲಗಡಲೆ ಅಂತೀವಲ್ಲ, ಅದೇ ಬುದ್ಧಿ. ಗೊತ್ತಿರೋ ಕಾಳಿನ ಹೆಸರಿಗೆ ನೆಲ ಸೇರಿಸಿದ್ರು. ತಮಿಳಿನಲ್ಲಿ ಮಣಿಲಾ ಕೊಟ್ಟೈ ಅನ್ನೋ ಹೆಸರೂ ಇದೆ. ಅದರೊಳಗೆ ಫಿಲಿಪೈನ್ಸ್‌ನ ಮನಿಲಾ ಊರು ಕೂತಿದೆ. ಶೇಂಗಾ ಅನ್ನೋದು ಮರಾಠಿಯ ಶೇಂಗ್, ಅಂದ್ರೆ ಕಾಯಿ, ಅನ್ನೋದರಿಂದ ಬಂದದ್ದು. ಬೀಜ ಹೋದ ದಾರಿಯೆಲ್ಲ ಹೆಸರಲ್ಲೇ ಉಳಿದಿದೆ.

ಪೋರ್ಚುಗೀಸರು ಇದನ್ನು ಆಫ್ರಿಕಾದ ಪಶ್ಚಿಮ ಕರಾವಳಿಗೆ ತಂದರು. ಸೆನೆಗಲ್, ಮಾಲಿ ಕಡೆ ಅರೆದ ಶೇಂಗಾದಲ್ಲಿ ಮಾಫೆ ಅನ್ನೋ ಸಾರು ಮಾಡ್ತಾರೆ. ಗ್ಯಾಂಬಿಯಾದಲ್ಲಿ ಅಂಥದ್ದೇ ದೊಮೊದಾ. ಜಾವಾದಲ್ಲಿ ತರಕಾರಿ ಮೇಲೆ ಸುರಿಯೋದು ಅರೆದ ಶೇಂಗಾದ ಗೊಜ್ಜು. ನಮ್ಮ ಉತ್ತರ ಕರ್ನಾಟಕದ ಶೇಂಗಾ ಹಿಂಡಿ ನಿಮಗೆ ಗೊತ್ತೇ ಇದೆ. ಹುರಿದ ಬೀಜ, ಬೆಳ್ಳುಳ್ಳಿ, ಖಾರ, ಉಪ್ಪು ಹಾಕಿ ಒರಳಲ್ಲಿ ಎಣ್ಣೆ ಬಿಡೋವರೆಗೂ ಕುಟ್ಟೋದು. ಇನ್ನೊಂದು ಗಳಿಗೆ ಒನಕೆ ಹಾಕಿದ್ರೆ ಅದು ಬೆಣ್ಣೆಯೇ.

ಅಂದ್ರೆ ಶೇಂಗಾ ಹೋದ ಕಡೆಯೆಲ್ಲ ಅದನ್ನು ಅರೆಯೋ ಅಭ್ಯಾಸವೂ ಹೋಗಿದೆ. ಗಮನಿಸಿ, ಇಷ್ಟೂ ಅಡುಗೆಮನೆಗಳಲ್ಲಿ ಬೀಜ ಒಂದಲ್ಲ ಒಂದು ರೀತಿ ಬೆಂಕಿ ಕಾಣುತ್ತೆ. ಹುರೀತಾರೆ, ಕರೀತಾರೆ, ಇಲ್ಲಾ ಅರೆದ ಮೇಲೆ ಕುದಿಸ್ತಾರೆ.

ಪೇಟೆಂಟು ಪಡೆದ ಬೆಣ್ಣೆ

ಪೇಟೆ ಮಾಲಾಗಿ ಇದರ ಕತೆ ಶುರುವಾಗೋದು 1884ರಲ್ಲಿ. ಕೆನಡಾದ ಮಾಂಟ್ರಿಯಲ್‌ನ ಮಾರ್ಸೆಲಸ್ ಎಡ್ಸನ್ ಅನ್ನೋರು ಹುರಿದ ಶೇಂಗಾವನ್ನು ಬಿಸಿ ಮಾಡಿದ ಬಿಲ್ಲೆಗಳ ನಡುವೆ ಅರೆದು, ತಣ್ಣಗಾದಾಗ ಬೆಣ್ಣೆಯ ಹದಕ್ಕೆ ಬರೋ ಪೇಸ್ಟಿಗೆ ಅಮೆರಿಕದಲ್ಲಿ ಪೇಟೆಂಟ್ ತಗೊಂಡ್ರು. ಮಿಠಾಯಿಗೆ ಬಳಸೋ ಯೋಚನೆ ಅವರದು.

ಇದನ್ನು ಆರೋಗ್ಯದ ಆಹಾರ ಮಾಡಿದವರು ಡಾಕ್ಟರ್ ಜಾನ್ ಹಾರ್ವೆ ಕೆಲಾಗ್. ಕಾರ್ನ್‌ಫ್ಲೇಕ್ಸ್ ಕತೆಯ ಅದೇ ಕೆಲಾಗ್. ಮಿಶಿಗನ್ ರಾಜ್ಯದ ಬ್ಯಾಟಲ್ ಕ್ರೀಕ್‌ನಲ್ಲಿ ಅವರ ಆರೋಗ್ಯಧಾಮ ಇತ್ತು, ಅಲ್ಲಿ ಮಾಂಸ ಕೊಡ್ತಿರಲಿಲ್ಲ. ಹಲ್ಲಿಲ್ಲದವರಿಗೆ, ಜೀರ್ಣಶಕ್ತಿ ಕುಗ್ಗಿದವರಿಗೆ ಮಾಂಸದ ಬದಲು ಏನು ಕೊಡೋದು ಅಂತ ನೋಡಿ ಶೇಂಗಾ, ಬಾದಾಮಿಯಂಥ ಬೀಜಗಳ ಬೆಣ್ಣೆ ಮಾಡಿಸಿದ್ರು. 1895ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ರು, 1898ರಲ್ಲಿ ಸಿಕ್ತು.

ನನಗೆ ಬೇಕಾದ ವಿಷಯ ಇಲ್ಲೇ ಇತ್ತು. ಕೆಲಾಗ್ ಹುರಿಯೋದಕ್ಕೆ ವಿರೋಧಿ. ಹುರಿದರೆ ಬೀಜದ ಕೊಬ್ಬು ಕೆಟ್ಟು ಹೊಟ್ಟೆಗೆ ಭಾರ ಆಗುತ್ತೆ ಅನ್ನೋದು ಅವರ ನಂಬಿಕೆ. ಹಾಗಂತ ಹಸಿದನ್ನೇ ಅರೆದ್ರಾ? ಇಲ್ಲ. ಬೇಯಿಸಿ ಅರೆದ್ರು! "ಆರೋಗ್ಯದ ಬೀಜದ ಬೆಣ್ಣೆ"ಯ ಮೊದಲ ಗುರುಗಳೂ ಹಸಿ ಬೀಜ ತಿನ್ನಿಸಲಿಲ್ಲ ಅನ್ನೋದು ನೆನಪಿರಲಿ.

ಅವರ ಆರೋಗ್ಯಧಾಮದಲ್ಲಿದ್ದ ಜೋಸೆಫ್ ಲ್ಯಾಂಬರ್ಟ್ ಕೈಯಲ್ಲಿ ತಿರುಗಿಸೋ ಚಿಕ್ಕ ಗಿರಣಿಗಳನ್ನು ಮಾಡಿ ಮಾರಿದ್ರು. ಅವರ ಹೆಂಡತಿ ಅಲ್ಮೀಡಾ ಲ್ಯಾಂಬರ್ಟ್ 1899ರಲ್ಲಿ ಬೀಜಗಳ ಅಡುಗೆ ಬಗ್ಗೆಯೇ ಒಂದು ಪುಸ್ತಕ ಬರೆದ್ರು. ಮನೆಮನೆಗೆ ಗಿರಣಿ ಹೋದ ಮೇಲೆ ಜನ ತಮಗೆ ರುಚಿ ಕಂಡದ್ದು ಮಾಡ್ಕೊಂಡ್ರು. ಬೇಯಿಸಿದ್ದು ಸಪ್ಪೆ, ಹುರಿದದ್ದು ಘಮಘಮ. ಹುರಿದದ್ದೇ ಗೆದ್ದಿತು.

ಪೀನಟ್ ಬಟರ್ ಕಂಡುಹಿಡಿದವರು ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅಂತ ಎಷ್ಟೋ ಜನ ಬರೀತಾರೆ, ಅದು ತಪ್ಪು. ಆದರೆ ಅವರು ಮಾಡಿದ್ದು ರೈತರಿಗೆ ಅದಕ್ಕಿಂತ ದೊಡ್ಡ ಕೆಲಸ. ಅಲಬಾಮಾದಲ್ಲಿ ಹತ್ತಿಗೆ ಕಾಯಿ ಮೂತಿಹುಳ ಬಿದ್ದು ಹೊಲಗಳು ಹಾಳಾಗ್ತಿದ್ದ ಕಾಲದಲ್ಲಿ, ಹತ್ತಿ ಬೆಳೆದು ಸವೆದ ನೆಲಕ್ಕೆ ಶೇಂಗಾ ಹಾಕಿ ಅಂದ್ರು. ಬೆಳೆದದ್ದನ್ನು ಏನು ಮಾಡೋದು ಅಂದವರಿಗೆ 1916ರಲ್ಲಿ ಶೇಂಗಾ ಬೆಳೆಯೋ ಕ್ರಮ ಮತ್ತು ಅದನ್ನು ತಿನ್ನೋ 105 ವಿಧಾನಗಳ ಕಿರುಹೊತ್ತಿಗೆ ಕೊಟ್ಟರು.

1918, ಖೇಡಾ: ಶೇಂಗಾ ಬೆಣ್ಣೆ ಮತ್ತು ನಿಂಬೆಹಣ್ಣು

ಪೀನಟ್ ಬಟರ್ ಅಂದ್ರೆ ಈಗ ಜಿಮ್ ಹುಡುಗರ ತಿಂಡಿ ಅಂದ್ಕೊಂಡಿದ್ದೀವಿ. ನೂರು ವರ್ಷದ ಹಿಂದೆ ನಮ್ಮ ದೇಶದಲ್ಲೇ ಒಬ್ಬರು ಇದನ್ನೇ ಮುಖ್ಯ ಊಟ ಮಾಡ್ಕೊಂಡಿದ್ರು, ಗಾಂಧೀಜಿ. 1912ರಲ್ಲಿ ದಕ್ಷಿಣ ಆಫ್ರಿಕಾದಲ್ಲಿದ್ದಾಗ ಅವರು ಹಾಲು ಬಿಟ್ಟಿದ್ರು. 1918ರಲ್ಲಿ ಗುಜರಾತಿನ ಖೇಡಾದಲ್ಲಿ ಸೈನ್ಯಕ್ಕೆ ಜನ ಸೇರಿಸೋಕೆ ಊರೂರು ತಿರುಗ್ತಿದ್ದಾಗ ಅವರ ಆಹಾರ ಹೆಚ್ಚಾಗಿ ಶೇಂಗಾ ಬೆಣ್ಣೆ ಮತ್ತು ನಿಂಬೆಹಣ್ಣು. ಆ ಬೆಣ್ಣೆಯನ್ನು ಅತಿಯಾಗಿ ತಿಂದರೆ ಕೆಡುಕು ಅಂತ ಗೊತ್ತಿದ್ದೂ ತಿಂದೆ, ಸಣ್ಣಗೆ ಆಮಶಂಕೆ ಶುರುವಾಯ್ತು ಅಂತ ಆತ್ಮಕಥೆಯಲ್ಲಿ ಅವರೇ ಒಪ್ಪಿಕೊಂಡಿದ್ದಾರೆ. ಆಮೇಲೆ ಹಬ್ಬದ ದಿನ ಕಸ್ತೂರಬಾ ಮಾಡಿಟ್ಟ ಸಿಹಿ ತಿಂದು ರೋಗ ಜೋರಾಗಿ ಸಾವಿನ ಬಾಗಿಲವರೆಗೆ ಹೋಗಿ ಬಂದರು. ಕೊನೆಗೆ ಆಡಿನ ಹಾಲು ಕುಡಿಯೋಕೆ ಒಪ್ಪಿದ್ದು ಆ ಕಾಯಿಲೆಯಿಂದಲೇ.

ಶೇಂಗಾ ಬೆಣ್ಣೆ ಕೆಟ್ಟದ್ದು ಅಂತ ಇದನ್ನು ಹೇಳ್ತಿಲ್ಲ. ಒಳ್ಳೇದು ಅಂತ ಅದನ್ನೇ ನೆಚ್ಚಿಕೊಂಡು ಲೆಕ್ಕ ತಪ್ಪಿದ್ರೆ ಹೊಟ್ಟೆ ಕೇಳಲ್ಲ ಅಷ್ಟೇ. ನೂರು ಗ್ರಾಂ ಶೇಂಗಾದಲ್ಲಿ ಹೆಚ್ಚುಕಡಿಮೆ 567 ಕಿಲೋಕ್ಯಾಲರಿ ಇದೆ. ದಿನಕ್ಕೆ ಒಂದೆರಡು ಚಮಚ ಸಾಕು.

ಎಣ್ಣೆ ಮೇಲೆ ಬಂದ ಜಗಳ

ಮನೆಯಲ್ಲಿ ಬೆಣ್ಣೆ ಮಾಡಿಟ್ಟವರಿಗೆ ಗೊತ್ತು, ನಾಲ್ಕು ದಿನಕ್ಕೆ ಎಣ್ಣೆ ಮೇಲೆ ಬರುತ್ತೆ, ಗಸಿ ತಳಕ್ಕೆ ಕೂರುತ್ತೆ. ಅಂಗಡಿಯವರಿಗೆ ಅದೇ ತಲೆನೋವು. ಮೇಲೆ ಬಂದ ಎಣ್ಣೆಗೆ ಗಾಳಿ ತಾಗಿ ಕಮಟು ಹಿಡಿಯೋದು, ದೂರದ ಊರಿಗೆ ಕಳಿಸೋಕೆ ಆಗ್ತಿರಲಿಲ್ಲ. 1920ರ ದಶಕದ ಮೊದಲಲ್ಲಿ ಕ್ಯಾಲಿಫೋರ್ನಿಯಾದ ಜೋಸೆಫ್ ರೋಸ್‌ಫೀಲ್ಡ್ ಅನ್ನೋರು ಎಣ್ಣೆಯ ಒಂದು ಪಾಲನ್ನು ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡಿ, ಅಂದ್ರೆ ನಮ್ಮ ವನಸ್ಪತಿಯ ಹಾಗೆ, ಬೆಣ್ಣೆಗೆ ಬೆರೆಸೋ ದಾರಿ ಕಂಡುಕೊಂಡ್ರು. ನೂರಕ್ಕೆ ಒಂದೆರಡು ಪಾಲು ಹಾಕಿದ್ರೆ ಸಾಕು, ಎಣ್ಣೆ ಅಲ್ಲಲ್ಲೇ ನಿಲ್ಲುತ್ತೆ. ತಿಂಗಳುಗಟ್ಟಲೆ ಇಟ್ಟರೂ ಬಾಟಲಿ ಹಾಗೇ ಇರುತ್ತೆ.

ಆಮೇಲೆ ಆಸೆ ಬೆಳೀತು. ಸಕ್ಕರೆ ಸೇರಿತು, ಅಗ್ಗದ ಎಣ್ಣೆ ಸೇರಿತು, ಶೇಂಗಾ ಕಡಿಮೆಯಾಯ್ತು. 1959ರಲ್ಲಿ ಅಮೆರಿಕದ ಆಹಾರ ಇಲಾಖೆ, ಪೀನಟ್ ಬಟರ್ ಅಂತ ಹೆಸರು ಹಾಕಬೇಕಾದ್ರೆ ನೂರಕ್ಕೆ 95 ಪಾಲು ಶೇಂಗಾ ಇರಬೇಕು ಅಂದಿತು. ಕಂಪನಿಗಳು 87 ಸಾಕು ಅಂತ ಹಠ ಹಿಡಿದವು. ವಿಚಾರಣೆ, ಮೇಲ್ಮನವಿ ಎಲ್ಲಾ ಮುಗಿದು 90 ಅಂತ ತೀರ್ಮಾನ ಜಾರಿಗೆ ಬಂದದ್ದು 1971ಕ್ಕೆ. ಮೂರು ಪಾಲು ಶೇಂಗಾಕ್ಕಾಗಿ ಹನ್ನೆರಡು ವರ್ಷದ ಜಗಳ!

"ಬರೀ ಶೇಂಗಾ ಇರಲಿ, ಬೇರೇನೂ ಬೇಡ" ಅಂತ ಈಗಿನವರು ಕೇಳೋದು ಇದೇ ಬೇಸರದಿಂದ. ಅದು ನ್ಯಾಯ, ಅಲ್ಲಿವರೆಗೆ ಮೇಡಂ ಮಾತಿಗೆ ನಂದೂ ಹೂಂ. ಆದರೆ ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಿ "ಹುರಿಯೋದೂ ಬೇಡ" ಅಂದಾಗ ಇನ್ನೊಂದು ಕತೆ ಹೇಳಬೇಕಾಗುತ್ತೆ.

ಟರ್ಕಿ ಕೋಳಿಗಳು ಸತ್ತ ವರ್ಷ

1960ರಲ್ಲಿ ಇಂಗ್ಲೆಂಡಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಮರಿಗಳು ಇದ್ದಕ್ಕಿದ್ದಂತೆ ಸತ್ತವು. ಯಾವ ರೋಗಾಣುವೂ ಸಿಗಲಿಲ್ಲ. ಹುಡುಕಿದಾಗ ಜಾಡು ಹೋಗಿ ನಿಂತದ್ದು ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ ಹತ್ತಿರ. ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಅನ್ನೋ ಬೂಸ್ಟು ಬೆಳೆದು ವಿಷ ಬಿಟ್ಟಿತ್ತು. ಆ ಬೂಸ್ಟಿನ ಹೆಸರಿಂದಲೇ ವಿಷಕ್ಕೆ ಅಫ್ಲಾಟಾಕ್ಸಿನ್ ಅಂತ ಹೆಸರಾಯ್ತು. ಇದು ಲಿವರ್ ಹಾಳುಮಾಡುತ್ತೆ, ಕ್ಯಾನ್ಸರ್ ತರುತ್ತೆ. ಇದು ಇರೋ ಹಿಂಡಿ ತಿಂದ ಹಸುವಿನ ಹಾಲಿಗೂ ಇದರ ಒಂದು ರೂಪ ಇಳಿಯುತ್ತೆ. ಯುರೋಪಿನಲ್ಲಿ ನೇರ ತಿನ್ನೋ ಶೇಂಗಾದಲ್ಲಿ ಕಿಲೋಗೆ 4 ಮೈಕ್ರೋಗ್ರಾಂ ದಾಟಬಾರದು ಅಂತ ಮಿತಿ ಇದೆ. ಒಂದು ಮೈಕ್ರೋಗ್ರಾಂ ಅಂದ್ರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು.

ಈ ಬೂಸ್ಟು ನಮ್ಮ ಮಣ್ಣಲ್ಲೇ ಇದೆ. ಸಾವಯವ ಹೊಲ, ರಾಸಾಯನಿಕದ ಹೊಲ ಅಂತ ಭೇದ ಅದಕ್ಕಿಲ್ಲ. ಕಾಯಿ ತುಂಬೋ ಹೊತ್ತಿಗೆ ಮಳೆ ಕೈಕೊಟ್ಟರೆ ನೆಲದೊಳಗೇ ಕಾಯಿಗೆ ಹೊಗುತ್ತೆ. ಕಿತ್ತ ಮೇಲೆ ಮಳೆ ಬಂದು ತಡವಾಗಿ ಒಣಗಿದ್ರೆ ರಾಶಿಯಲ್ಲಿ ಬೆಳೆಯುತ್ತೆ. ಚಿತ್ರದುರ್ಗ, ಚಳ್ಳಕೆರೆ, ಪಾವಗಡದ ಕಡೆಯವರಿಗೆ ಈ ಎರಡೂ ಹೊಸದಲ್ಲ.

ಹುರಿದರೆ ವಿಷ ಹೋಗುತ್ತಾ? ಸ್ವಲ್ಪ ಕಡಿಮೆಯಾಗುತ್ತೆ, ಪೂರ್ತಿ ಹೋಗಲ್ಲ. ಹುರಿಯೋದರಿಂದ ಇನ್ನೊಂದು ಲಾಭ ಇದೆ, ಕಣದಲ್ಲಿ, ಕೈಯಲ್ಲಿ ಅಂಟಿದ ರೋಗಾಣು ಸಾಯುತ್ತವೆ. ಸಾಲ್ಮೊನೆಲ್ಲಾ ಅನ್ನೋ ಭೇದಿ ತರುವ ರೋಗಾಣು ನೀರಿಲ್ಲದ ಬೆಣ್ಣೆಯಲ್ಲಿ ಬೆಳೆಯಲ್ಲ, ಆದರೆ ತಿಂಗಳುಗಟ್ಟಲೆ ಸಾಯದೆ ಕೂತಿರುತ್ತೆ. 2008-09ರಲ್ಲಿ ಅಮೆರಿಕದಲ್ಲಿ ಶೇಂಗಾ ಬೆಣ್ಣೆಯಿಂದ ಏಳುನೂರಕ್ಕೂ ಹೆಚ್ಚು ಜನ ಮಲಗಿದ್ರು, ಒಂಬತ್ತು ಜನ ತೀರಿಹೋದ್ರು. ಅದು ಹುರಿದ ಬೀಜದ ಬೆಣ್ಣೆಯೇ. ಹುರಿದ ಮೇಲೂ ಗಲೀಜು ತಾಗದ ಹಾಗೆ ನೋಡ್ಕೋಬೇಕು ಅಂತ ಅರ್ಥ.

ಇಲ್ಲಿ ನನಗೆ ಹೊಳೆದದ್ದು ಇದು. ಎಣ್ಣೆ ತೆಗೆದಾಗ ಈ ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿಯುತ್ತೆ. ಬೆಣ್ಣೆ ಮಾಡಿದಾಗ ಹಿಂಡಿ ಅಂತ ಬೇರೆ ಆಗೋದೇ ಇಲ್ಲ, ಇದ್ದದ್ದೆಲ್ಲ ತಿನ್ನೋರ ಹೊಟ್ಟೆಗೆ. ಇಡೀ ಬೀಜ ತಿನ್ನುವಾಗ ಕಹಿ ಬೀಜ ಸಿಕ್ಕರೆ ಉಗುಳ್ತೀವಿ. ಅರೆದ ಮೇಲೆ ಉಗುಳೋಕೆ ಏನಿದೆ? ಬೆಣ್ಣೆ ಮಾಡೋನ ಮೇಲೆ ಗಾಣದವನಿಗಿಂತ ಹೆಚ್ಚಿನ ಜವಾಬ್ದಾರಿ ಇದೆ.

"ರಾ" ಅನ್ನೋ ಚೀಟಿ

ಬೇರೆ ಬೀಜಗಳ ಕತೆಯೂ ನೋಡಿ. 2001 ಮತ್ತು 2004ರಲ್ಲಿ ಹಸಿ ಬಾದಾಮಿಯಿಂದ ಸಾಲ್ಮೊನೆಲ್ಲಾ ಹಬ್ಬಿದ ಮೇಲೆ, 2007ರ ಸೆಪ್ಟೆಂಬರ್‌ನಿಂದ ಕ್ಯಾಲಿಫೋರ್ನಿಯಾದ ಬಾದಾಮಿಯನ್ನು ಅಮೆರಿಕದಲ್ಲಿ ಮಾರೋ ಮುಂಚೆ ಹಬೆಯಲ್ಲಿ ಅಥವಾ ಬೇರೆ ವಿಧಾನದಲ್ಲಿ ಶುದ್ಧ ಮಾಡಲೇಬೇಕು ಅಂತ ನಿಯಮ ಬಂತು. ಆಮೇಲೂ ಚೀಟಿ ಮೇಲೆ "ರಾ" ಅಂತಲೇ ಇರುತ್ತೆ. ನಮ್ಮ ಕರಾವಳಿಯ ಗೇರುಬೀಜವನ್ನೇ ತಗೊಳ್ಳಿ. ಅದರ ಸಿಪ್ಪೆಯೊಳಗಿನ ಎಣ್ಣೆ ಚರ್ಮ ಸುಡುತ್ತೆ, ಹಾಗಾಗಿ ಫ್ಯಾಕ್ಟರಿಯಲ್ಲಿ ಹಬೆ ಹಾಯಿಸಿ ಅಥವಾ ಹುರಿದು ಆಮೇಲೇ ಒಡೀತಾರೆ. ಅಂಗಡಿಯ "ರಾ" ಗೋಡಂಬಿ ಬೆಣ್ಣೆ ಆಗಲೇ ಶಾಖ ಕಂಡಿರೋದು.

ಹುರಿದ್ರೆ ಸತ್ವ ಹೋಗುತ್ತಾ?

ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್, 40ರಿಂದ 49 ಗ್ರಾಂ ಕೊಬ್ಬು, ಜೊತೆಗೆ ನಾರು, ಮೆಗ್ನೀಷಿಯಂ, ವಿಟಮಿನ್ ಇ, ನಯಾಸಿನ್ ಇವೆ. ಹದವಾಗಿ ಹುರಿದ್ರೆ ಥಯಾಮಿನ್ ಅನ್ನೋ ಬಿ1 ವಿಟಮಿನ್ ಚೆನ್ನಾಗೇ ಇಳಿಯುತ್ತೆ, ವಿಟಮಿನ್ ಇ ಕೂಡ ಸ್ವಲ್ಪ. ಪ್ರೋಟೀನ್, ಕೊಬ್ಬು, ನಾರು, ಖನಿಜ, ನಯಾಸಿನ್ ಬಹುಪಾಲು ಹಾಗೇ ಇರುತ್ತವೆ. ಹಸಿ ಬೀಜದಲ್ಲಿ ಪ್ರೋಟೀನ್ ಜೀರ್ಣಕ್ಕೆ ಅಡ್ಡ ಬರೋ ಒಂದು ಅಂಶ ಇದೆ, ಅದು ಶಾಖಕ್ಕೆ ಕುಗ್ಗುತ್ತೆ. ಅವ್ವ ಪಿತ್ತ ಅಂದದ್ದನ್ನು ನಾನು ಹೀಗೆ ಅರ್ಥ ಮಾಡ್ಕೊಂಡೆ.

ನಯಾಸಿನ್ ಬಗ್ಗೆ ಒಂದು ಮಾತು. 1960ರ ದಶಕದಲ್ಲಿ ಹೈದರಾಬಾದಿನ ಪೌಷ್ಟಿಕತೆ ಸಂಸ್ಥೆಯ ಸಿ. ಗೋಪಾಲನ್ ಮತ್ತು ಜೊತೆಯವರು, ದಖ್ಖನ್ ಕಡೆ ಬಹುಪಾಲು ಜೋಳವನ್ನೇ ಉಣ್ಣೋ ಬಡವರಲ್ಲಿ ಪೆಲಾಗ್ರಾ ಅನ್ನೋ ಚರ್ಮ ಒಡೆಯೋ ಕಾಯಿಲೆಯನ್ನು ಅಧ್ಯಯನ ಮಾಡಿದ್ರು. ನಯಾಸಿನ್ ಕೊರತೆಯ ಕಾಯಿಲೆ ಅದು. ನೂರು ಗ್ರಾಂ ಶೇಂಗಾದಲ್ಲಿ 12 ಮಿಲಿಗ್ರಾಂಗೂ ಹೆಚ್ಚು ನಯಾಸಿನ್ ಇದೆ. ಜೋಳದ ರೊಟ್ಟಿ ಮೇಲೆ ಒಂದು ಹಿಡಿ ಶೇಂಗಾ ಹಿಂಡಿ ಬರೀ ರುಚಿಗಲ್ಲ ಅಂತ ಇದನ್ನು ಓದಿದಾಗ ಅನ್ನಿಸ್ತು.

ಬಳಕೆ ನಮ್ಮ ಅಡುಗೆಯಲ್ಲೇ ಇದೆ. ಬ್ರೆಡ್ಡೇ ಬೇಕು ಅಂತಿಲ್ಲ. ರೊಟ್ಟಿ, ಚಪಾತಿಗೆ ಬೆಲ್ಲದ ಜೊತೆ ಸವರಿ. ಬದನೆಕಾಯಿ ಎಣ್ಣೆಗಾಯಿಗೆ ಒಂದು ಚಮಚ ಹಾಕಿ. ಬಾಳೆಹಣ್ಣಿಗೆ, ರಾಗಿ ಗಂಜಿಗೆ ಕಲಸಿ. ಆದರೆ ಶೇಂಗಾ ಅಲರ್ಜಿ ಇರೋರು ದೂರ ಇರಿ, ಅದು ಆಟದ ಮಾತಲ್ಲ. ಹಸುಗೂಸಿಗೆ ಗಟ್ಟಿ ಬೆಣ್ಣೆ ಹಾಗೇ ಕೊಡಬೇಡಿ, ಗಂಟಲಿಗೆ ಅಂಟುತ್ತೆ.

ನಾನು ಮಾಡಿದ್ದು

ಮೇಡಂಗೆ ಫೋನ್ ಮಾಡಿ ಇಷ್ಟನ್ನೂ ಚಿಕ್ಕದಾಗಿ ಹೇಳಿದೆ. "ಬರೀ ಶೇಂಗಾ, ಸಣ್ಣ ಉರಿಯಲ್ಲಿ ಹುರಿದದ್ದು. ಸಕ್ಕರೆ ಇಲ್ಲ, ಬೇರೆ ಎಣ್ಣೆ ಇಲ್ಲ. ಬಾಟಲಿ ಮೇಲೆ ಹುರಿದದ್ದು ಅಂತಲೇ ಬರೀತೀನಿ. ಮಳೆಗೆ ಸಿಗದ ರಾಶಿಯದ್ದು ಮಾತ್ರ ಕೊಡ್ತೀನಿ, ಇಪ್ಪತ್ತು ಮನೆಗೆ ಸಾಲಲ್ಲ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೇಳಿ ಹೇಳ್ತೀನಿ ಅಂದ್ರು. ಎರಡು ದಿನ ಆದ ಮೇಲೆ ಏಳು ಮನೆಯ ಆರ್ಡರ್ ಬಂತು. ಉಳಿದವರಿಗೆ ಹಸಿದೇ ಬೇಕಂತೆ, ಬೇರೆ ಕಡೆ ನೋಡ್ತಾರಂತೆ.

ಮಳೆಗೆ ಸಿಕ್ಕ ರಾಶಿಯ ಸ್ಯಾಂಪಲ್ ಲ್ಯಾಬಿಗೆ ಕಳಿಸಿದ್ದೀನಿ. ರಿಪೋರ್ಟ್ ಬರೋವರೆಗೂ ಅದು ಗಾಣಕ್ಕೂ ಇಲ್ಲ, ಹಸುವಿಗೂ ಇಲ್ಲ. ನಷ್ಟ ಆಗಬಹುದು. ಬಂದದ್ದನ್ನು ಇಲ್ಲೇ ಬರೀತೀನಿ.

ಮಾಡೋರಿಗೆ ನಾಲ್ಕು ಮಾತು. ಬಳ್ಳಿ ಕಿತ್ತು ಕಾಯಿ ಮೇಲಾಗಿ ಒಣಗಿಸಿ. ಅಲ್ಲಾಡಿಸಿದ್ರೆ ಬೀಜ ಗಲಗಲ ಅನ್ನಬೇಕು, ತೇವ ನೂರಕ್ಕೆ 8-9ರ ಒಳಗೆ ಬರಬೇಕು. ಮಷಿನ್‌ಗೆ ಹಾಕುವಾಗ ಬೀಜ ಒಡೆಯಬಾರದು ಅಂತ ಕಾಯಿಗೆ ನೀರು ಚಿಮುಕಿಸ್ತಾರೆ, ತಿನ್ನೋ ಶೇಂಗಾಕ್ಕೆ ಅದು ಬೇಡವೇ ಬೇಡ. ಮುರುಟಿದ, ಬಣ್ಣ ಕೆಟ್ಟ, ತೂತು ಬಿದ್ದ, ಬೂಸ್ಟು ಹಿಡಿದ ಬೀಜ ಕೈಯಲ್ಲೇ ಆರಿಸಿ ತೆಗೀರಿ. ಹುರಿದು, ಸಿಪ್ಪೆ ಉಜ್ಜಿ ತೂರಿ, ತಣ್ಣಗಾದ ಮೇಲೆ ಒಣಗಿದ ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ಅರೀರಿ. ಮೊದಲು ಪುಡಿ, ಆಮೇಲೆ ಉಂಡೆ, ಆಮೇಲೆ ತಾನಾಗೇ ಎಣ್ಣೆ ಬಿಟ್ಟು ಹರಿಯುತ್ತೆ. ಒಂದು ಹನಿ ನೀರೂ ಸೋಕಬಾರದು. ಎಣ್ಣೆ ಮೇಲೆ ಬಂದ್ರೆ ಬಾಟಲಿ ತಲೆಕೆಳಗೆ ಮಾಡಿಡಿ, ತಿನ್ನುವಾಗ ಕಲಸಿ.

ಅವ್ವ ಈಗ ಆರಿಸಿದ ಬೀಜವನ್ನೇ ಮತ್ತೊಂದು ಸಲ ಆರಿಸ್ತಾ ಕೂತಿದ್ದಾರೆ. ಏಳು ಮನೆಗೆ ಬೇಕಾದಷ್ಟು ನಾಳೆ ಹೊತ್ತಿಗೆ ಆಗುತ್ತೆ. ನಿಮ್ಮ ಕಡೆ ಈ ಸಲ ಶೇಂಗಾ ಒಕ್ಕಣೆ ಹೇಗಾಯ್ತು, ಮಳೆಗೆ ಸಿಕ್ಕ ಕಾಯಿ ಏನು ಮಾಡಿದ್ರಿ, ಹೇಳಿ.